ಮೂರು ಬಟ್ಟಲು

ಪೋರ್-ಓ-ಫ್ರಾನ್ಸೆ, ಕೆರ್ಗೆಲೆನ್ ದ್ವೀಪ
12 ಡಿಸೆಂಬರ್ 1995

ಒನೆಸಿಮ್ ಭಾವ,

ನಿನ್ನ ಕಾಗದ ಬಂತು. ನಾನು ಬಂದ ಹಡಗಿನಲ್ಲೇ ಬಂತು. ಹತ್ತು ದಿನ ನಾನು ಮೇಲೆ ವಾಂತಿ ಮಾಡಿಕೊಳ್ಳುತ್ತ ಮಲಗಿದ್ದೆ, ಅದು ಕೆಳಗೆ ಟಪಾಲು ಚೀಲದಲ್ಲಿ ಹಾಯಾಗಿ ಮಲಗಿತ್ತು. ಗೊತ್ತಿದ್ದರೆ ಹುಡುಕಿ ಸಮುದ್ರಕ್ಕೆ ಎಸೆಯುತ್ತಿದ್ದೆ.

ಬರೆದದ್ದು ನಾಲ್ಕೇ ಸಾಲು. "ಲಿಯೋನಿ ಹೋಗಿ ಆರು ತಿಂಗಳಾಯಿತು. ನನ್ನ ತಂಗಿ ಉಣ್ಣಲಿ ಅಂತ ಇಪ್ಪತ್ತಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ನೀನು ಬಾಯಿ ಬಿಡು. ಗಿಲ್ ತಾಂಗಿ ಸತ್ತ ಸಂಜೆ ರೇಡಿಯೋದಲ್ಲಿ ಸುಳ್ಳು ಎಣಿಕೆ ಹೇಳಿದ್ದು ನೀನೇ, ನಾನು ಹೇಳಿಸಿದ್ದಲ್ಲ ಅಂತ ಆಫೀಸಿಗೆ ಬರೆದುಕೊಡು."

ನನ್ನ ಹೆಂಡತಿಯ ಸಮಾಧಿಯ ಮಣ್ಣು ಇನ್ನೂ ತಗ್ಗಿಲ್ಲ, ಆಗಲೇ ಕೇಳಲು ಬಂದೆ. ಅಲ್ಲಯ್ಯ, ಯಾರು ಓದುತ್ತಾರೆ ಅದನ್ನು? ಅವತ್ತಿನ ದೊಡ್ಡ ಸಾಹೇಬ ಸತ್ತ. ನನಗೆ ಐವತ್ತೆಂಟು, ಬರುವುದು ಇಲ್ಲಿ ನನ್ನ ಕೊನೆಯ ಚಳಿಗಾಲ. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಆಫೀಸಿನ ಕಾಗದ ಬರೆಯಲು ಬರುವುದಿಲ್ಲ. ಬರೆಯುವುದಿಲ್ಲ. ಮುಗಿಯಿತು.

ಇಲ್ಲಿ ಎಲ್ಲ ಹಾಗೆಯೇ ಇದೆ. ಗಾಳಿಗೆ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ತೆಗೆಯಬೇಕು. ಬಾಯ್ಲರ್ ಮನೆಯ ಹೊಸ್ತಿಲಿಗೆ ಒಂದು ಆನೆಸೀಲು ಅಡ್ಡ ಬಿದ್ದು ಮೂರು ದಿನದಿಂದ ತೇಗುತ್ತಿದೆ, ಕೊಳೆತ ಮೀನಿನ ನಾತ. ಹೋದ ವರ್ಷದ ಯಾವನೋ ಕತ್ತೆ ಪೈಪುಗಳಿಗೆ ಹರಕು ಗೋಣಿ ಸುತ್ತಿ ಹೋಗಿದ್ದಾನೆ. ಓದಿದವರು ಬೇಕಾದಷ್ಟಿದ್ದಾರೆ. ಆಕಾಶ ನೋಡುವವನು, ಹುಳ ಹಿಡಿಯುವವನು, ಭೂಮಿ ನಡುಗುವುದನ್ನು ಅಳೆಯುವವನು. ಅವರ ಕಕ್ಕಸಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಬ್ಬನಿಗೂ ಗೊತ್ತಿಲ್ಲ. ನನಗೆ ಗೊತ್ತು.

ಇನ್ನೊಂದು ವಿಷಯ. ಬರೆಯಬಾರದು ಅಂದುಕೊಂಡಿದ್ದೆ. ಮೊದಲ ಸಂಜೆ ಊಟದ ಹಾಲಿನಲ್ಲಿ ಹೊಸಬರೆಲ್ಲ ಎದ್ದು ನಿಂತು ಹೆಸರು, ಕೆಲಸ ಹೇಳಬೇಕಲ್ಲ. ಒಬ್ಬಳು ಹುಡುಗಿ ಎದ್ದಳು. "ನೋಲ್ವೆನ್ ತಾಂಗಿ. ಹಕ್ಕಿ ಎಣಿಸೋಳು." ನನ್ನ ಚಮಚ ಅಲ್ಲೇ ನಿಂತಿತು. ಆ ಹೆಸರಿನವರು ಅವರ ಕಡೆ ಸಾವಿರ ಜನ ಇರಬಹುದು ಅಂದುಕೊಂಡೆ. ಆಮೇಲೆ ನಕ್ಕಳು. ಮುಂದಿನ ಎರಡು ಹಲ್ಲುಗಳ ನಡುವೆ ಅದೇ ಸಂದು. ಅಪ್ಪ ಸತ್ತ ಎರಡು ತಿಂಗಳಿಗೆ ಹುಟ್ಟಿದವಳಂತೆ.

ನಾಳೆ ಹಡಗು ಹೊರಡುತ್ತದೆ. ಮತ್ತೆ ಇದೇ ವಿಷಯ ಬರೆಯಬೇಡ.

ನಿನ್ನ ತಂಗಿಯ ಗಂಡ,
ಇರೆನೆ ನಾತಿವೆಲ್


ಸಾಂ ಜೋಸೆಫ್, ರೆಯೂನಿಯೋಂ
25 ಜನವರಿ 1996

ಇರೆನೆ,

ಗಾಳಿ, ಸೀಲು, ಕಕ್ಕಸು ಅಂತ ಹಾಳೆ ತುಂಬಿಸಿದ್ದೀಯ. ನಾನೂ ಆ ದ್ವೀಪ ಕಂಡವನೇ. ಎರಡು ಚಳಿಗಾಲ. ಮೂರನೆಯದಕ್ಕೆ ನನ್ನನ್ನು ಕರೆಯಲಿಲ್ಲ. ನೀನು ಎಂಟು ಸಲ ಹೋಗಿಬಂದೆ.

ಮರೆತಿದ್ದರೆ ನೆನಪಿಸುತ್ತೇನೆ. ಕೆಂಪು ಗುಡಿಸಲಿಗೆ ಮೂವರು ಹೊರಟಿದ್ದೆವು. ಮೂವರಿಗಿಂತ ಕಡಿಮೆ ನಡೆಯಬಾರದು, ಯಾರನ್ನೂ ಒಂಟಿ ಬಿಡಬಾರದು ಅನ್ನುವುದು ಆಗಲೂ ಕಾನೂನೇ. ಸ್ಟೇಷನ್ನಿನ ಹಲಗೆಯ ಮೇಲೆ ಗುಂಪಿನ ಹಿರಿಯ ಅಂತ ನನ್ನ ಹೆಸರಿತ್ತು. ರೇಡಿಯೋ ನಿನ್ನ ಬೆನ್ನಿಗಿತ್ತು. ನಾನು ಒಲೆ ಹಚ್ಚಲು ಮುಂದೆ ಬಂದೆ, ತಾಂಗಿಯ ಜೊತೆ ನಿನ್ನನ್ನು ಬಿಟ್ಟು ಬಂದೆ. ನೀನು ಗುಡಿಸಲಿಗೆ ಬರುವಾಗ ನಾನು ಹೊಳೆಯಲ್ಲಿ ನೀರು ತುಂಬುತ್ತಿದ್ದೆ. ಏಳು ಗಂಟೆಗೆ ಸ್ಟೇಷನ್ನಿನಿಂದ ಎಷ್ಟು ಜನ ಅಂತ ಕೇಳಿದರು. ನೀನು ಮೂರು ಅಂದೆ. ನಾನು ಒಳಗೆ ಬಂದಾಗ ಮೇಜಿನ ಮೇಲೆ ಮೂರು ಬಟ್ಟಲಿದ್ದವು, ನಾವು ಇಬ್ಬರಿದ್ದೆವು. "ಹಿಂದೆ ಬರ್ತಿದಾನೆ" ಅಂದೆ ನೀನು. ಏಳೂಕಾಲಿಗೆ ಅವರು ರೇಡಿಯೋ ಮುಚ್ಚಿದರು. ಆಮೇಲೆ ನಾವು ಕೂಗಿದ್ದು ಯಾರಿಗೂ ಕೇಳಲಿಲ್ಲ. ಒಂದು ಗಂಟೆ ನಡಿಗೆಯಾಚೆಯ ಗುಡಿಸಲಿನಲ್ಲಿ ಐದು ಜನ ಲಾಟೀನು ಇಟ್ಟುಕೊಂಡು ಇಸ್ಪೀಟು ಆಡುತ್ತಿದ್ದರು. ನೀನು ಎರಡು ಅಂದಿದ್ದರೆ ಅವರು ಬರುತ್ತಿದ್ದರು. ಬೆಳಗ್ಗೆ ಅವನು ಸಿಕ್ಕಿದ. ಎದೆಯವರೆಗೆ ಹುದುಲಿನಲ್ಲಿ, ನಿಂತುಕೊಂಡೇ.

ವಿಚಾರಣೆಯಲ್ಲಿ ನೀನು, "ಒನೆಸಿಮ್ ಹೇಳು ಅಂದ, ಹೇಳಿದೆ" ಅಂದೆ. ನಾನು ನನ್ನ ಬೂಟು ನೋಡುತ್ತ ನಿಂತೆ. ಊರಿನಲ್ಲಿ ಲಿಯೋನಿಯ ಮಡಿಲಲ್ಲಿ ಎರಡು, ಹೊಟ್ಟೆಯಲ್ಲಿ ಒಂದು.

ಆಫೀಸು ಸುಡಲಿ. ನನಗೆ ಬೇಕಾದದ್ದು ಮಿರೇಯ್‌ಗೆ ತೋರಿಸಲು ಒಂದು ಕಾಗದ. ಶಾಲೆಯಲ್ಲಿ ನನ್ನ ಮಗಳನ್ನು 'ಮುಳುಗಿಸಿದವನ ಮಗಳು' ಅಂತ ಕರೆಯುತ್ತಿದ್ದರು. ಈಗ ಅವಳಿಗೇ ಮಗಳಿದ್ದಾಳೆ, ಐದು ವರ್ಷ. ಲಾಂಜವ್ಯಾಂ ಹೊಳೆಗೆ ಕರೆದುಕೊಂಡು ಹೋಗುತ್ತೇನೆ, ಈಜು ಕಲಿಸುತ್ತೇನೆ ಅಂದರೆ "ಬೇಡ ಪಪ್ಪಾ, ನೀವು ಒಬ್ಬರೇ ಬೇಡ" ಅನ್ನುತ್ತಾಳೆ. ಕೂಗಾಡುವುದಿಲ್ಲ. ಮೆತ್ತಗೆ ಅನ್ನುತ್ತಾಳೆ. ನಾನೇ ಹೇಳಿದರೆ ನಂಬುವುದಿಲ್ಲ, ತಪ್ಪು ಮಾಡಿದವರೆಲ್ಲ ಹಾಗೇ ಹೇಳುತ್ತಾರೆ. ನಿನ್ನ ಕೈಬರಹ ಬೇಕು.

ಒನೆಸಿಮ್ ಮ್ಯುಸಾರ್


ಪೋರ್-ಓ-ಫ್ರಾನ್ಸೆ
19 ಫೆಬ್ರವರಿ 1996

ಭಾವ,

ನಿನ್ನ ಕಾಗದ ಒಂದೇ ಸಲ ಓದಿದೆ. ಎರಡನೆಯ ಸಲ ಓದುವ ಅಗತ್ಯ ಬೀಳಲಿಲ್ಲ.

ಆ ಹುಡುಗಿ ನನ್ನ ಬೆನ್ನು ಬಿಡುತ್ತಿಲ್ಲ. ಪೈಪಿನ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದರೆ ಕಾಫಿ ತಂದು ಪಕ್ಕದಲ್ಲಿ ಇಡುತ್ತಾಳೆ. ಮಾಮ ಅನ್ನುತ್ತಾಳೆ. "ಇರೆನೆ ಮಾಮ, ಅವತ್ತು ನೀವೂ ಅಪ್ಪನ ಜೊತೆ ಇದ್ರಂತೆ. ಅಪ್ಪ ಏನ್ ಮಾತಾಡ್ತಿದ್ರು ದಾರೀಲಿ?"

"ಹಕ್ಕಿ," ಅಂದೆ.

"ಬರೀ ಹಕ್ಕೀನಾ?"

"ಬರೀ ಹಕ್ಕಿ. ತಲೆ ಚಿಟ್ಟು ಹಿಡೀತಿತ್ತು."

ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು. "ಮ್ಯುಸಾರ್ ಅನ್ನೋನು ಇನ್ನೂ ಬದುಕಿದಾನಾ? ಅಪ್ಪ ಬಂದಿಲ್ಲ ಅಂತ ಗೊತ್ತಿದ್ದೂ ನಿಮ್ಮ ಕೈಲಿ ಮೂರು ಅಂತ ಹೇಳಿಸ್ದೋನು. ಅಮ್ಮ ಅವನ ಹೆಸರು ತೆಗೆದಾಗೆಲ್ಲ ಉಗೀತಿದ್ಲು."

ನಾನು ಏನಂದೆ ಅಂತ ನಿನಗೆ ಮುಚ್ಚಿಡುವುದಿಲ್ಲ. "ಬದುಕಿದಾನೆ, ಒಳ್ಳೇ ಅಡಿಗೆ ಮಾಡ್ತಿದ್ದ" ಅಂದೆ. ಕಾಫಿ ಕುಡಿದೆ. ಬಿಸಿಯಾಗಿತ್ತು.

ಕೆಂಪು ಗುಡಿಸಲಿಗೆ ಹೋಗಬೇಕಂತೆ. ಹವಾಮಾನದ ಬಾಸ್ತಿಯಾಂ ಬರುತ್ತಾನಂತೆ, ಮೂರನೆಯವನು ನಾನಾಗಬೇಕಂತೆ. ಮಂಡಿ ನೋವು ಅಂದೆ. "ಹಾಗಾದ್ರೆ ಪೇಂಟು ಬಳಿಯೋ ಹುಡುಗರಲ್ಲಿ ಒಬ್ಬನ್ನ ಕರ್ಕೊಂಡು ಹೋಗ್ತೀವಿ" ಅಂದಳು. ಆ ಹುಡುಗರಿಗೆ ಹುಲ್ಲು ಯಾವುದು, ಹುದುಲಿನ ಮೇಲಿನ ಪಾಚಿ ಯಾವುದು ಅಂತ ಗೊತ್ತಿಲ್ಲ. ಹಸಿರು ಕಂಡರೆ ಕಾಲಿಡುತ್ತಾರೆ. ಯೋಚನೆ ಮಾಡುತ್ತೇನೆ ಅಂತ ಹೇಳಿ ಕಳಿಸಿದೆ.

ನೀನು ಕೇಳಿದ್ದರ ಬಗ್ಗೆ ನನ್ನ ಉತ್ತರ ಹಳೆಯದೇ.

ಇರೆನೆ


ಪೋರ್-ಓ-ಫ್ರಾನ್ಸೆ
1 ಮೇ 1996

ಭಾವ,

ಇದನ್ನು ಕೂತು ಓದು.

ಏಪ್ರಿಲ್ ಹದಿನೈದಕ್ಕೆ ಹೊರಟೆವು. ನೋಲ್ವೆನ್, ಬಾಸ್ತಿಯಾಂ, ನಾನು. ಬಾಗಿಲ ಬಳಿಯ ಹಲಗೆಯಲ್ಲಿ ಮೂರು ಹೆಸರು ನೇತುಹಾಕಿದೆವು. ತೊಡೆಯವರೆಗೆ ರಬ್ಬರ್ ಬೂಟು, ಕೈಯಲ್ಲಿ ಕೋಲು. ನಾನು ಮುಂದೆ ಚುಚ್ಚಿ ನೋಡುತ್ತ ನಡೆದೆ, ಅವರು ನನ್ನ ಹೆಜ್ಜೆಯ ಮೇಲೆ ಹೆಜ್ಜೆ. ಎರಡು ಹೊಳೆ ದಾಟುವಷ್ಟರಲ್ಲಿ ಮಳೆ, ಆಲಿಕಲ್ಲು, ಬಿಸಿಲು, ಮತ್ತೆ ಮಳೆ. "ಮಾಮ, ನಿಮ್ಮ ಮಂಡಿ ಟಿಕ್ ಟಿಕ್ ಅಂತಿದೆ," ಅಂದಳು. "ಗಡಿಯಾರ ಹೊರೋದು ಉಳೀತು, ಸುಮ್ನೆ ನಡಿ," ಅಂದೆ. ಬಾಸ್ತಿಯಾಂ ನಕ್ಕು ನಕ್ಕು ಹೊಳೆಯಲ್ಲಿ ಜಾರಿದ. ನಾನೂ ನಕ್ಕೆ. ಆ ದಾರಿಯಲ್ಲಿ ನಕ್ಕೆ ಅಂತ ನಿನಗೆ ಹೇಳಬೇಕು.

ಮಾರನೆಯ ದಿನ ಗುಡಿಸಲು ಮುಟ್ಟಿದೆವು. ಬಣ್ಣ ಹೋಗಿದೆ, ಉಳಿದದ್ದು ಅದೇ. ನೀನು ಮೊಳೆ ಹೊಡೆದ ಕಪಾಟು ಇನ್ನೂ ಇದೆ. ಮಂಚದ ಕೆಳಗೆ ತಗಡಿನ ಪೆಟ್ಟಿಗೆಯಲ್ಲಿ ಗುಡಿಸಲಿನ ಹಳೆಯ ನೋಟ್‌ಬುಕ್ಕುಗಳು. ಬಂದವರು ತಾರೀಖು, ತಲೆ ಎಷ್ಟು, ಏನು ಉಂಡರು ಅಂತ ಬರೆಯುವುದು. ಅವಳು ನೆಲದ ಮೇಲೆ ಕೂತು ಒಂದೊಂದೇ ತೆಗೆದಳು. ನಾನು ಒಲೆಯ ಕಡೆ ಮುಖ ಮಾಡಿಕೊಂಡೆ. ಸಿಕ್ಕಿತು. ಗಟ್ಟಿಯಾಗಿ ಓದಿದಳು. "ಹದಿನಾಲ್ಕು ಏಪ್ರಿಲ್ ಎಪ್ಪತ್ತೆರಡು. ಮೂರು ಜನ. ಸೂಪು ಬಿಸಿ."

ಆಮೇಲೆ ಕೇಳಿದಳು. "ಯಾರ ಅಕ್ಷರ ಇದು, ಮಾಮ? ಮ್ಯುಸಾರಂದಾ?"

"ಇರಬೋದು," ಅಂದೆ.

ಹೌದು, ಅಂದೆ. ಬೈಯುವುದಾದರೆ ಬೈದು ಮುಂದೆ ಓದು.

ಮರುದಿನ ಮಂಡಿ ಸೋರೆಕಾಯಿಯ ಹಾಗೆ ಊದಿತು. ಅವರಿಬ್ಬರೂ ಹಕ್ಕಿಯ ದಿಣ್ಣೆಗೆ ಹೋದರು, ಗುಡಿಸಲಿನಿಂದ ಅರ್ಧ ಗಂಟೆ. ಇಬ್ಬರೇ ಹೋಗಬಾರದು ಅಂದೆ. "ಇಲ್ಲೇ ಪಕ್ಕದ ದಿಣ್ಣೆ ಮಾಮ, ನೀವು ಗುಡಿಸಲಲ್ಲಿ ಇದ್ದೀರಲ್ಲ, ಮೂರೇ ಆಯ್ತು" ಅಂದಳು. ಆರೂವರೆಗೆ ಬರುತ್ತೇವೆ ಅಂದರು. ಮೊಲದ ಮಾಂಸ ಬೇಯಿಸಿದೆ, ಊರಿನ ಮೆಣಸಿನಕಾಯಿ ಅರೆದು ಹಾಕಿದೆ, ಬೇಳೆ ಮಾಡಿದೆ. ಮೂರು ಬಟ್ಟಲು ಇಟ್ಟೆ. ಆರೂವರೆಯಾಯಿತು, ಕತ್ತಲಾಯಿತು. ಕೂಗಿದೆ. ಗಾಳಿ ನನ್ನ ಕೂಗನ್ನು ನನ್ನ ಬಾಯಿಗೇ ತುರುಕಿತು.

ಏಳಕ್ಕೆ ರೇಡಿಯೋ. "ಕೆಂಪು ಗುಡಿಸಲು, ಎಷ್ಟು ಜನ?"

ಭಾವ, ಆ ಕಾಲದಲ್ಲಿ ನಾವೆಲ್ಲರೂ ಹಾಗೇ ಹೇಳುತ್ತಿದ್ದೆವು, ಅದು ನಿನಗೂ ಗೊತ್ತು. ಬರುವವನನ್ನು ಬಂದವನ ಲೆಕ್ಕಕ್ಕೇ ಸೇರಿಸಿಬಿಡುವುದು. ಸಾಹೇಬರ ಬೈಗುಳ ತಪ್ಪಲಿ, ಊಟ ಆರದಿರಲಿ ಅಂತ. ಅವತ್ತು ನಾನು ತಲೆ ಎಣಿಸಲಿಲ್ಲ, ಬಟ್ಟಲು ಎಣಿಸಿದೆ. ಈ ಸಲವೂ ಮೂರು ಅನ್ನುವ ಮಾತು ನಾಲಗೆಯ ತುದಿಗೆ ತಾನಾಗಿ ಬಂತು. ಬಟ್ಟಲು ನೋಡಿದೆ.

"ಒಂದು," ಅಂದೆ.

"ಏನಂದ್ರಿ?"

"ಒಂದು ಕಣಯ್ಯ! ಕಿವುಡಾ ನೀನು? ಒಂದು!"

ಪಕ್ಕದ ಗುಡಿಸಲಿನ ನಾಲ್ವರನ್ನು ಎಬ್ಬಿಸಿ ಹೊರಡಿಸಿದರು. ಹತ್ತು ನಿಮಿಷವಾಗಿರಲಿಲ್ಲ, ಬಾಗಿಲು ತೆರೆಯಿತು. ಇಬ್ಬರೂ ನಿಂತಿದ್ದಾರೆ, ಗಡ್ಡದ ಮೇಲೆ, ಕೂದಲ ಮೇಲೆ ಹಿಮ. ನಗುತ್ತಿದ್ದಾರೆ. ನಾನು ರೇಡಿಯೋಗೆ ಬಾಯಿ ಹಾಕುವಷ್ಟರಲ್ಲಿ ಆ ನಾಲ್ವರು ಕತ್ತಲಲ್ಲಿ ಸೊಂಟದವರೆಗೆ ಹೊಳೆಗಿಳಿದಿದ್ದರು. ಒಬ್ಬನ ಕಾಲು ಉಳುಕಿತು.

ನೋಲ್ವೆನ್‌ಗೆ ಬಂದ ಸಿಟ್ಟು ನೋಡಬೇಕಿತ್ತು. "ಇಲ್ಲೇ ಹಿಂದುಗಡೆ ಇದ್ವಲ್ಲ! ಬೂಟು ತೊಳೀತಿದ್ವಿ! ಬಾಗಿಲು ತೆಗೆದು ನೋಡಕ್ಕಾಗಲಿಲ್ವಾ ನಿಮಗೆ? ಇಡೀ ದ್ವೀಪ ನಮ್ಮನ್ನ ನೋಡಿ ನಗುತ್ತೆ. ಯಾಕೆ ಒಂದು ಅಂದ್ರಿ?"

"ಮೂರು ಅಂದಿದ್ದೆ ಒಂದ್ಸಲ," ಅಂದೆ.

ಆಮೇಲೆ ನಿಲ್ಲಿಸಲಾಗಲಿಲ್ಲ. ಎಲ್ಲ ಹೇಳಿದೆ. ನೋಟ್‌ಬುಕ್ಕಿನ ಅಕ್ಷರ ನನ್ನದು ಅಂದೆ. ಸಂಜೆ ನನ್ನ ಕಾಲು ಒದ್ದೆಯಾಗಿತ್ತು, ಅವಳ ಅಪ್ಪ ಇನ್ನೂ ಹನ್ನೊಂದು ಗೂಡು ಇದೆ, ಎಣಿಸಿಯೇ ಬರುತ್ತೇನೆ ಅಂದ, ನಾನು ಹಕ್ಕಿಗೂ ಅವನಿಗೂ ಸೇರಿಸಿ ಬೈದು ಅವನನ್ನು ಅಲ್ಲೇ ಬಿಟ್ಟು ಬಂದೆ ಅಂದೆ. ಒನೆಸಿಮ್ ಏನೂ ಹೇಳಿಸಲಿಲ್ಲ, ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು, ಅವನು ನನ್ನ ಹೆಂಡತಿಯ ಅಣ್ಣ ಅಂದೆ. ಬಾಸ್ತಿಯಾಂ ಗೋಡೆ ನೋಡುತ್ತ ಕೂತಿದ್ದ.

ಅವಳು ಅಳುತ್ತಾಳೆ ಅಂದುಕೊಂಡೆ. ಹೊಡೆದರೂ ತಿನ್ನುತ್ತಿದ್ದೆ. "ಎಷ್ಟು ಗೂಡು ಅಂದ್ರಿ?" ಅಂದಳು.

"ಹನ್ನೊಂದು."

ತನ್ನ ಬಟ್ಟಲನ್ನು ಮಗುಚಿ ಇಟ್ಟು ಮಲಗಿದಳು. ಬೆಳಗ್ಗೆ ಬಾಸ್ತಿಯಾಂನನ್ನು ಕರೆದುಕೊಂಡು ಅದೇ ದಿಣ್ಣೆಗೆ ಹೋಗಿ ಬಂದಳು. "ಈಗ ಏಳು ಗೂಡಿದೆ," ಅಂದಳು. ನನ್ನ ಜೊತೆ ಆಡಿದ ಕೊನೆಯ ಮಾತು ಅದು. ವಾಪಸು ಬರುವಾಗ ರೇಡಿಯೋ ನನ್ನ ಬೆನ್ನಿನಿಂದ ಇಳಿಸಿ ತಾನೇ ಹೊತ್ತಳು. ದಾರಿಯ ಗುಡಿಸಲಿನಲ್ಲಿ ಏಳು ಗಂಟೆಗೆ ನನ್ನ ಮುಖ ಒಮ್ಮೆ ನೋಡಿ ಮೂರು ಅಂತ ಹೇಳಿದಳು. ಎಣಿಸಲು ನೋಡಿದ್ದು ಅಷ್ಟೇ.

ಆಫೀಸಿಗೆ ಕಾಗದ ಬರೆದಿದ್ದೇನೆ. ಎರಡು ಪ್ರತಿ. ಒಂದು ಅವರಿಗೆ, ಒಂದು ಇದರ ಜೊತೆ, ನಿನಗೆ. ತಪ್ಪುಗಳನ್ನು ಬಾಸ್ತಿಯಾಂ ತಿದ್ದಿದ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಸಾಕ್ಷಿಯಾಗಿ ಅವಳ ಸಹಿ. ಸಹಿ ಹಾಕುವಾಗ ಪೆನ್ನು ನನ್ನ ಕೈಯಿಂದ ಇಸಿದುಕೊಳ್ಳಲಿಲ್ಲ. ತನ್ನದೇ ತೆಗೆದಳು.

ಮಿರೇಯ್‌ಗೆ ತೋರಿಸು.

ಇರೆನೆ


ಪೋರ್-ಓ-ಫ್ರಾನ್ಸೆ
23 ಆಗಸ್ಟ್ 1996

ಭಾವ,

ನಿನ್ನೆ ಹಡಗು ಬಂತು. ನಾಲ್ಕು ತಿಂಗಳಿಗೆ ಮೊದಲ ಟಪಾಲು. ಎಲ್ಲರೂ ಮಕ್ಕಳ ಹಾಗೆ ಓಡಿದರು. ಚೀಲ ಖಾಲಿಯಾಗುವವರೆಗೆ ನಿಂತಿದ್ದೆ. ನಿನ್ನದು ಇರಲಿಲ್ಲ. ಆಫೀಸಿನಿಂದ ಎರಡು ಸಾಲು ಬಂದಿದೆ. ಕಾಗದ ತಲುಪಿದೆ, ವಿಷಯ ಬಹಳ ಹಳೆಯದು, ಕಡತದಲ್ಲಿ ಇಡಲಾಗಿದೆ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಚಳಿಗಾಲ ಹೇಗೆ ಹೋಯಿತು ಅಂತ ಕೇಳುವವರಿಲ್ಲ, ನಾನೇ ಹೇಳುತ್ತೇನೆ. ಊಟದ ಹಾಲಿನಲ್ಲಿ ನಾನು ಕೂತ ಮೇಜಿಗೆ ಜನ ಬರುತ್ತಾರೆ, ಉಪ್ಪು ಕೇಳುತ್ತಾರೆ, ಬೇಗ ಏಳುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಓದಿದವರಲ್ಲವೇ. ನಮ್ಮೂರಿನ ಮೇಸ್ತ್ರಿ ಒಬ್ಬ ಮಾತ್ರ ಬಾಯಿಬಿಟ್ಟು ಕೇಳಿದ. "ಅಣ್ಣಾ, ಸಾಯೋತನಕ ಮುಚ್ಚಿಟ್ಕೊಂಡಿದ್ರೆ ಏನಾಗ್ತಿತ್ತು?" ಕುಡಿದಿದ್ದ. ಅವನೊಬ್ಬನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಹೊರಗೆ ನಡೆಯಲು ಹೋಗುವವರ ಹಲಗೆಯಲ್ಲಿ ನನ್ನ ಹೆಸರು ಮೇ ತಿಂಗಳಿನಿಂದ ಅದೇ ಮೊಳೆಗೆ ನೇತಾಡುತ್ತಿದೆ. ಮೂರನೆಯವನು ಸಿಗದೆ ಹೋದರೆ ನಡಿಗೆಯನ್ನೇ ಬಿಡುತ್ತಾರೆ, ನನ್ನನ್ನು ಕರೆಯುವುದಿಲ್ಲ. ಒಳ್ಳೆಯದೇ, ಮಂಡಿಗೆ ವಿಶ್ರಾಂತಿ. ಜೂನಿನಲ್ಲಿ ಪೈಪು ಒಡೆದು ಇಡೀ ಸ್ಟೇಷನ್ನಿಗೆ ನೀರು ನಿಂತಾಗ ಮಾತ್ರ ಎಲ್ಲರಿಗೂ ನನ್ನ ಹೆಸರು ನೆನಪಾಯಿತು.

ನೋಲ್ವೆನ್ ನಿನ್ನ ವಿಳಾಸ ಕೇಳಿದಳು. ಬಾಸ್ತಿಯಾಂನ ಕೈಯಲ್ಲಿ ಕೇಳಿಸಿದಳು. ಕೊಟ್ಟೆ.

ಡಿಸೆಂಬರ್ ಹಡಗಿನಲ್ಲಿ ಬರುತ್ತೇನೆ. ನೀನು ಕೇಳಿದ್ದನ್ನು ಮಾಡಿದ್ದೇನೆ. ಇನ್ನು ನನಗೂ ನಿನಗೂ ಮಧ್ಯೆ ಏನೂ ಉಳಿದಿಲ್ಲ ಅಂದುಕೊಂಡಿದ್ದೇನೆ. ಮೊದಲೆಲ್ಲ ನಾನು ಬಂದರೆ ಬಂದರಿನಲ್ಲಿ ಲಿಯೋನಿ ನಿಂತಿರುತ್ತಿದ್ದಳು, ಮಕ್ಕಳು ನಿಂತಿರುತ್ತಿದ್ದರು. ಈಗ ಮಕ್ಕಳು ಫ್ರಾನ್ಸಿನಲ್ಲಿದ್ದಾರೆ. ಈ ಸಲ ಯಾರು ಬರುತ್ತೀರಿ, ಎಷ್ಟು ಜನ ಬರುತ್ತೀರಿ ಅಂತ ಬರೆ. ಪೆಟ್ಟಿಗೆ ಭಾರ ಇದೆ.

ಇರೆನೆ


ಸಾಂ ಜೋಸೆಫ್
20 ಅಕ್ಟೋಬರ್ 1996

ಇರೆನೆ,

ನಿನ್ನ ಎರಡು ಕಾಗದವೂ ಬಂದವು. ಆಗಸ್ಟ್ ಹಡಗಿಗೆ ಉತ್ತರ ಹಾಕಬಹುದಿತ್ತು. ಬೇಕೆಂದೇ ಹಾಕಲಿಲ್ಲ. ಚೀಲ ಖಾಲಿಯಾಗುವವರೆಗೆ ನಿಲ್ಲುವುದು ಹೇಗಿರುತ್ತದೆ ಅಂತ ನಿನಗೂ ಗೊತ್ತಾಗಲಿ ಅಂತ.

ಮೇ ತಿಂಗಳಿನಲ್ಲಿ ನಿನ್ನ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಊರು ಸುತ್ತಿದೆ. ಯಾರಿಗೆ ತೋರಿಸಲಿ? ನನ್ನನ್ನು ಕಂಡರೆ ಅಂಗಡಿಯಲ್ಲಿ ಮಾತು ನಿಲ್ಲಿಸುತ್ತಿದ್ದವರು ಸತ್ತಿದ್ದಾರೆ. ಅವರ ಮಕ್ಕಳಿಗೆ ತಾಂಗಿ ಅಂದರೆ ಯಾರು ಅಂತ ಗೊತ್ತಿಲ್ಲ. ಒಬ್ಬ ಓದಿ, "ಅಜ್ಜ, ಅಲ್ಲಿ ಆನೆಸೀಲು ಎಷ್ಟು ದೊಡ್ಡದಿರುತ್ತೆ?" ಅಂದ.

ಕೊನೆಗೆ ಮಿರೇಯ್ ಮುಂದೆ ಇಟ್ಟೆ. ಭಾನುವಾರ, ಊಟವಾದ ಮೇಲೆ. ಎರಡು ಸಲ ಓದಿದಳು. ಎದ್ದು ಬಂದು ನನ್ನ ಕುತ್ತಿಗೆ ತಬ್ಬುತ್ತಾಳೆ ಅಂತ ಇಪ್ಪತ್ತನಾಲ್ಕು ವರ್ಷ ಕಾದಿದ್ದೆ. "ಪಪ್ಪಾ, ನಿಮಗೆ ಇದು ಮೊದಲಿಂದ ಗೊತ್ತಿತ್ತಾ?" ಅಂದಳು. ಗೊತ್ತಿತ್ತು ಅಂದೆ. "ಲಿಯೋನಿ ಅತ್ತೆ ಮನೇಲಿ ಒಲೆ ಉರೀಲಿ ಅಂತ ನಮ್ಮನೇನ ಸೌದೆ ಮಾಡಿದ್ರಾ? ಶಾಲೆಯಿಂದ ನಾನು ಅಳ್ತಾ ಬಂದಾಗ್ಲೆಲ್ಲ ನಿಮಗೆ ಗೊತ್ತಿತ್ತಾ?" ಅಂದಳು. ನಾನು ಮತ್ತೆ ಬೂಟು ನೋಡಿದೆ. ಕಾಲಲ್ಲಿ ಬೂಟು ಇರಲಿಲ್ಲ.

ಮಗುವನ್ನು ಇನ್ನಾದರೂ ಹೊಳೆಗೆ ಕಳಿಸುತ್ತೀಯಾ ಅಂತ ಕೇಳಿದೆ. ಕೇಳಬಾರದಿತ್ತು. "ಮುಳುಗಿಸ್ದೋರು ಅಂತ ಹೆದರ್ತಿದ್ದೆ. ಈಗ ಗೊತ್ತಾಯ್ತು, ನೀವು ಮುಳುಗ್ತಿರೋರನ್ನ ನೋಡ್ತಾ ಸುಮ್ನೆ ನಿಲ್ಲೋರು" ಅಂದಳು. ಮಗುವನ್ನು ಎತ್ತಿಕೊಂಡು ಹೋದಳು. ಆರನೆಯ ಭಾನುವಾರ ವಾಪಸು ಬಂದಳು. ಊಟ ಹಾಕಿದೆ, ಉಂಡಳು. ಮಗುವನ್ನು ಕರೆತಂದಿರಲಿಲ್ಲ.

ತಾಂಗಿಯ ಮಗಳ ಕಾಗದವೂ ಬಂದಿದೆ. ಹುಟ್ಟಿದಾಗಿನಿಂದ ನನ್ನ ಹೆಸರಿಗೆ ಉಗಿದದ್ದಕ್ಕೆ ಕ್ಷಮೆ ಕೇಳಿದ್ದಾಳೆ. ಅವಳ ಅಪ್ಪನಿಗೆ ನಾನು ಮಾಡುತ್ತಿದ್ದ ಸೂಪಿನಲ್ಲಿ ಏನು ಹಾಕುತ್ತಿದ್ದೆ ಅಂತ ಕೇಳಿದ್ದಾಳೆ. ಅವಳಿಗೆ ಉತ್ತರ ಬರೆದೆ, ನಾಲ್ಕು ಹಾಳೆ. ನಿನಗಿಂತ ಮೊದಲು ಬರೆದೆ.

ನಮ್ಮ ಮಧ್ಯೆ ಏನೂ ಉಳಿದಿಲ್ಲ ಅಂದಿದ್ದೀಯ. ಸರಿಯಾಗಿ ಹೇಳಿದ್ದೀಯ. ಏನೂ ಉಳಿದಿಲ್ಲ.

ಬಂದರಿಗೆ ಎಷ್ಟು ಜನ ಬರುತ್ತೀರಿ ಅಂತ ಕೇಳಿದ್ದೀಯ. ಲಿಯೋನಿ ಇಲ್ಲ. ಮಿರೇಯ್ ಬರುವುದಿಲ್ಲ. ನಾನು ಬರುವುದಿಲ್ಲ. ಸೊನ್ನೆ.

ಬಟ್ಟಲಲ್ಲ, ತಲೆ ಎಣಿಸಿಯೇ ಬರೆದಿದ್ದೇನೆ.

ಒನೆಸಿಮ್ ಮ್ಯುಸಾರ್